ಪಿತ್ತ ಹರಿಯಿತೇ, ಇಲ್ಲವೇ?



ನಲ್ಲಿ ಇದ್ದ ಮಾತ್ರಕ್ಕೆ ನೀರು ಬರುವುದಿಲ್ಲ ಎಂಬುದನ್ನು ಹುಬ್ಬಳ್ಳಿ-ಧಾರವಾಡದ ಮಂದಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸವದತ್ತಿಯ ಮಲಪ್ರಭೆಯಲ್ಲಿ ನೀರಿದೆ, ಪೈಪು ಹೊಸದು, ಪಾಲಿಕೆಯ ನಕಾಶೆಯಲ್ಲಿ ಎಲ್ಲವೂ ಸರಿ; ಆದರೂ ಓಣಿಯ ಕೊನೆಯ ಮನೆಯ ಕೊಡ ತುಂಬಿಲ್ಲ. ಪೈಪು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬುದು ಒಂದು ಪ್ರಶ್ನೆ, ನೀರು ಹರಿಯಿತೇ ಎಂಬುದು ಇನ್ನೊಂದು. ಪಿತ್ತಕೋಶ ಮತ್ತು ಪಿತ್ತನಾಳಗಳ ವಿಷಯದಲ್ಲಿ ವೈದ್ಯರಿಗೂ ಈ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿಯೇ ಎದುರಾಗುತ್ತವೆ. ಮೊದಲನೆಯದಕ್ಕೆ ಸೋನೋಗ್ರಾಫಿ ಇದೆ, ಸಿ.ಟಿ. ಇದೆ, ಎಂ.ಆರ್.ಐ. ಇದೆ. ಎರಡನೆಯದಕ್ಕೆ ಉತ್ತರ ಹೇಳುವ ಪರೀಕ್ಷೆಯೊಂದರ ಬಗ್ಗೆ ಇವತ್ತು ಮಾತಾಡುತ್ತೇನೆ. ಆಸ್ಪತ್ರೆಯ ಚೀಟಿಯಲ್ಲಿ ಅದನ್ನು ಹೈಡಾ ಸ್ಕ್ಯಾನ್ ಎಂದು ಬರೆದಿರುತ್ತಾರೆ. ಮಾಡುವುದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ. ಆ ಫಲಕ ನೋಡಿದ ಕೂಡಲೇ ಅರ್ಧ ಜನರ ಮುಖ ಬಾಡುತ್ತದೆ, ಅದರ ಮಾತು ಮುಂದೆ ಬರುತ್ತದೆ.

ಯಕೃತ್ತು, ಅಂದರೆ ಲಿವರ್, ದಿನಕ್ಕೆ ಸುಮಾರು 600ರಿಂದ 1000 ಮಿಲಿಲೀಟರ್ ಪಿತ್ತರಸ ತಯಾರಿಸುತ್ತದೆ. ಅದು ಎಳೆ ಎಳೆ ನಾಳಗಳಲ್ಲಿ ಇಳಿದು, ಒಂದು ದೊಡ್ಡ ನಾಳ ಸೇರಿ, ಸಣ್ಣ ಕರುಳಿನ ಮೊದಲ ಭಾಗಕ್ಕೆ ಬೀಳುತ್ತದೆ. ಬೀಳುವ ಜಾಗದಲ್ಲಿ ಸ್ನಾಯುವಿನ ಒಂದು ಬಿಗಿ ಇದೆ. 1887ರಲ್ಲಿ ಇಟಲಿಯ ಪೆರುಜಾದಲ್ಲಿ ರುಗ್ಗೇರೋ ಓಡ್ಡಿ ಎಂಬಾತ ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಅದನ್ನು ವಿವರಿಸಿದ. ಇವತ್ತಿಗೂ ಅದಕ್ಕೆ ಅವನದೇ ಹೆಸರು. ಹೊಟ್ಟೆ ಖಾಲಿ ಇದ್ದಾಗ ಆ ಬಿಗಿ ಮುಚ್ಚಿಕೊಂಡಿರುತ್ತದೆ, ಪಿತ್ತ ಪಕ್ಕದ ಚೀಲಕ್ಕೆ ತಿರುಗುತ್ತದೆ. ಆ ಚೀಲವೇ ಪಿತ್ತಕೋಶ. ಹಿಡಿಸುವುದು 30ರಿಂದ 50 ಮಿಲಿಲೀಟರ್ ಮಾತ್ರ, ಆದರೆ ನೀರಿನ ಅಂಶ ಹೀರಿ ಪಿತ್ತವನ್ನು ಗಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಜಿಡ್ಡು ಕರುಳಿಗೆ ಇಳಿಯಿತೆಂದರೆ ಕರುಳಿನ ಗೋಡೆಯಿಂದ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಚೀಲ ಹಿಂಡಿಕೊಳ್ಳುತ್ತದೆ, ಬಿಗಿ ಸಡಿಲುತ್ತದೆ. ಚೀಲದ ಕುತ್ತಿಗೆಯಲ್ಲಿ ಕಲ್ಲು ಸಿಕ್ಕಿಕೊಂಡವರಿಗೆ ಮಿರ್ಚಿ ಬಜಿ ತಿಂದ ಸ್ವಲ್ಪ ಹೊತ್ತಿಗೆ ಬಲ ಪಕ್ಕೆಯ ಕೆಳಗೆ ಹಿಡಿದುಕೊಳ್ಳುವುದು ಇದೇ ಕಾರಣಕ್ಕೆ. ಗ್ಯಾಸ್ ಅಂದುಕೊಂಡು ಸೋಡಾ ಕುಡಿದು ವರ್ಷಗಟ್ಟಲೆ ತಳ್ಳಿದವರು ಎಷ್ಟೋ ಮಂದಿ.

ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಶುರುವಾದ 1950ರಲ್ಲಿ ಈ ಚೀಲವನ್ನು ಹೊರಗಿನಿಂದ ನೋಡಲು ಇದ್ದ ಮುಖ್ಯ ದಾರಿ ಎಕ್ಸ್-ರೇ. ರಾತ್ರಿ ಗುಳಿಗೆ ನುಂಗಿಸಿ ಬೆಳಿಗ್ಗೆ ಚಿತ್ರ ತೆಗೆಯುತ್ತಿದ್ದರು. ಅದರ ಮೂಲ 1924ರಲ್ಲಿ, ಅಮೆರಿಕದ ಸೇಂಟ್ ಲೂಯಿಸಿನಲ್ಲಿ. ಎವರ್ಟ್ಸ್ ಗ್ರಹಾಂ ಮತ್ತು ವಾರನ್ ಕೋಲ್ ಎಂಬ ಇಬ್ಬರು ಶಸ್ತ್ರವೈದ್ಯರು ಎಕ್ಸ್-ರೇಗೆ ಕಾಣುವ ಒಂದು ರಾಸಾಯನಿಕವನ್ನು ನಾಯಿಗಳ ರಕ್ತಕ್ಕೆ ಕೊಟ್ಟು, ಅದು ಪಿತ್ತದ ಜೊತೆ ಚೀಲಕ್ಕೆ ಬಂದೀತೆಂದು ಕಾದರು. ನಾಯಿಯ ಮೇಲೆ ನಾಯಿ, ಏನೂ ಕಾಣಲಿಲ್ಲ. ಕೊನೆಗೆ ಒಂದೇ ಒಂದು ನಾಯಿಯಲ್ಲಿ ಚೀಲ ಸ್ಪಷ್ಟವಾಗಿ ಮೂಡಿತು. ಆ ನಾಯಿಯಲ್ಲಿ ಏನು ವಿಶೇಷ ಎಂದು ಕೋಲ್ ಕೆದಕಿ ಕೇಳಿದಾಗ, ನಾಯಿ ನೋಡಿಕೊಳ್ಳುವ ಆಳು ಅಳುಕುತ್ತಲೇ ಒಪ್ಪಿಕೊಂಡ: ಆ ಬೆಳಿಗ್ಗೆ ಅದೊಂದಕ್ಕೆ ಕೂಳು ಹಾಕಿರಲಿಲ್ಲ. ಉಂಡ ನಾಯಿಯ ಚೀಲ ಹಿಂಡಿಕೊಂಡಿರುತ್ತದೆ, ಹೊಸ ಪಿತ್ತ ಒಳಗೆ ಬರುವುದಿಲ್ಲ. ಹಸಿದ ನಾಯಿಯದು ಸಡಿಲಾಗಿ ತುಂಬಿಕೊಳ್ಳುತ್ತದೆ. ಇವತ್ತು ಹೈಡಾ ಸ್ಕ್ಯಾನಿಗೆ ಬರುವವರಿಗೆ ‘ಏನೂ ತಿನ್ನದೆ ಬನ್ನಿ’ ಎಂದು ಹೇಳುವುದರ ಹಿಂದೆ ಇರುವುದೂ ಇದೇ ಶರೀರಧರ್ಮ.

ಎಕ್ಸ್-ರೇಯಿಂದ ಗಾಮಾ ಕಿರಣಕ್ಕೆ ಬಂದ ದಾರಿಯಲ್ಲಿ ಟೆಕ್ನೀಷಿಯಂ ಎಂಬ ಧಾತುವಿನ ಕಥೆ ಬರುತ್ತದೆ. ಆವರ್ತಕ ಕೋಷ್ಟಕದ 43ನೇ ಮನೆ ಬಹಳ ಕಾಲ ಖಾಲಿ ಇತ್ತು. ಅಮೆರಿಕದ ಬರ್ಕಲಿಯ ಸೈಕ್ಲೋಟ್ರಾನ್ ಯಂತ್ರದಲ್ಲಿ ಬಳಸಿ ಬಿಟ್ಟ ಮಾಲಿಬ್ಡಿನಂ ತಗಡೊಂದನ್ನು ತರಿಸಿಕೊಂಡು, 1937ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಕಾರ್ಲೊ ಪೆರಿಯೆ ಮತ್ತು ಎಮಿಲಿಯೊ ಸೆಗ್ರೆ ಆ ಧಾತುವನ್ನು ಬೇರ್ಪಡಿಸಿದರು. ಮನುಷ್ಯ ಕೃತಕವಾಗಿ ಮಾಡಿದ ಮೊದಲ ಮೂಲಧಾತು ಅದು. ಅದರ ಒಂದು ರೂಪ, ಟೆಕ್ನೀಷಿಯಂ-99ಎಂ, ವೈದ್ಯರಿಗೆ ಹೇಳಿ ಮಾಡಿಸಿದ್ದು. ಆರು ಗಂಟೆಗೆ ಅರ್ಧವಾಗುತ್ತದೆ, ಇನ್ನಾರು ಗಂಟೆಗೆ ಕಾಲು ಭಾಗ, ಒಂದು ದಿನ ಕಳೆದರೆ ಹದಿನಾರರಲ್ಲಿ ಒಂದು ಪಾಲು. ಹೊಮ್ಮಿಸುವ ಗಾಮಾ ಕಿರಣ ದೇಹ ದಾಟಿ ಕ್ಯಾಮೆರಾಕ್ಕೆ ತಲುಪುವಷ್ಟು ಮಾತ್ರ ಬಲದ್ದು.

ಆರು ಗಂಟೆಗೆ ಅರ್ಧವಾಗುವ ವಸ್ತುವನ್ನು ಮುಂಬೈಯಿಂದ ಹುಬ್ಬಳ್ಳಿಗೆ ತರಿಸುವುದು ಹೇಗೆ? ತರಿಸುವುದಿಲ್ಲ, ಅದರ ತಾಯಿಯನ್ನು ತರಿಸುತ್ತಾರೆ. ಮಾಲಿಬ್ಡಿನಂ-99 ಅರ್ಧವಾಗಲು 66 ಗಂಟೆ ಬೇಕು. ಅದನ್ನು ಸೀಸದ ಗಡಿಗೆಯೊಳಗಿನ ಸಣ್ಣ ಕೊಳವೆಯಲ್ಲಿ ಹಿಡಿದಿಟ್ಟು ಕಳಿಸಿದರೆ, ಅದು ದಾರಿಯುದ್ದಕ್ಕೂ ಕರಗುತ್ತ ಟೆಕ್ನೀಷಿಯಂ ಆಗುತ್ತಿರುತ್ತದೆ. ಈ ಉಪಾಯವನ್ನು 1950ರ ದಶಕದ ಕೊನೆಯಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದವರು ಕಂಡುಕೊಂಡರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಾಲ್ ಆಂಗರ್ ಗಾಮಾ ಕ್ಯಾಮೆರಾ ಕಟ್ಟಿದ. ಹುಬ್ಬಳ್ಳಿಯಲ್ಲಿ ನಾವು ಇವತ್ತಿಗೂ ಕಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು ಶುರುವಾದದ್ದೂ ಆಗಲೇ, 1957ರಲ್ಲಿ. ನಮ್ಮ ದೇಶದಲ್ಲಿ ಇಂಥ ಐಸೋಟೋಪುಗಳ ದೊಡ್ಡ ಮೂಲ ಟ್ರಾಂಬೆಯ ಧ್ರುವ ರಿಯಾಕ್ಟರು. ಅದು 1985ರ ಆಗಸ್ಟಿನಲ್ಲಿ ಚಾಲೂ ಆದಾಗ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದವರು ನಮ್ಮ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. ರಾಮಣ್ಣ ಅಂದರೆ ಪೋಖ್ರಾನ್ ಎಂದಷ್ಟೇ ನೆನೆಯುವವರು ಆಸ್ಪತ್ರೆಯ ಈ ಸೀಸದ ಗಡಿಗೆಯನ್ನೂ ನೆನೆಯಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಈ ಸರಬರಾಜು ಎಷ್ಟು ಸೂಕ್ಷ್ಮ ಎಂಬುದು 2009ರಲ್ಲಿ ಜಗತ್ತಿಗೇ ತಿಳಿಯಿತು. ಕೆನಡಾದ ಒಂದೇ ಒಂದು ಹಳೆಯ ರಿಯಾಕ್ಟರು ವರ್ಷಕ್ಕೂ ಮೇಲೆ ನಿಂತದ್ದಕ್ಕೆ ದೇಶದೇಶಗಳ ಆಸ್ಪತ್ರೆಗಳಲ್ಲಿ ಸ್ಕ್ಯಾನುಗಳು ಮುಂದೆ ಹೋದವು.

ಟೆಕ್ನೀಷಿಯಂ ತಾನಾಗಿ ಯಕೃತ್ತಿಗೆ ಹೋಗುವುದಿಲ್ಲ, ಅದನ್ನು ಅಲ್ಲಿಗೆ ಒಯ್ಯುವ ರಾಸಾಯನಿಕ ಬೇಕು. 1970ರ ದಶಕದ ನಡುವೆ ಅಮೆರಿಕದ ಮೇರಿಲ್ಯಾಂಡಿನಲ್ಲಿ ಮೈಕಲ್ ಲೋಬರ್ಗ್ ಹುಡುಕುತ್ತಿದ್ದದ್ದು ಹೃದಯದ ಚಿತ್ರಕ್ಕೆ ಆಗುವ ವಸ್ತುವನ್ನು. ಲಿಡೊಕೇನ್ ಎಂಬ ಔಷಧದ ರಚನೆಯನ್ನು ಹೋಲುವ ಒಂದನ್ನು ಮಾಡಿದರು. ಅದು ಹೃದಯದಲ್ಲಿ ನಿಲ್ಲದೆ ನೇರವಾಗಿ ಯಕೃತ್ತಿಗೆ ಹೋಗಿ ಪಿತ್ತದಲ್ಲಿ ಇಳಿಯಿತು. ಹೈಡಾ ಹುಟ್ಟಿದ್ದು ಹೀಗೆ. ಈಗ ಹೆಚ್ಚಾಗಿ ಬಳಸುವುದು ಅದರ ಸುಧಾರಿತ ರೂಪ, ಮೆಬ್ರೋಫೆನಿನ್. ಕೊಟ್ಟದ್ದರಲ್ಲಿ ನೂರಕ್ಕೆ 98ರಷ್ಟು ಯಕೃತ್ತಿಗೇ ಹೋಗುತ್ತದೆ, ಹಾಗಾಗಿ ಕಣ್ಣು ಹಳದಿಯಾದವರಲ್ಲೂ ಒಂದು ಮಟ್ಟದವರೆಗೆ ಚಿತ್ರ ಸಿಗುತ್ತದೆ.

ವಿಭಾಗದ ಬೆಳಗು ಗಡಿಗೆಯ ಮುಂದೆ ಶುರುವಾಗುತ್ತದೆ. ಒಂದು ಬದಿಗೆ ಉಪ್ಪುನೀರಿನ ಸೀಸೆ, ಇನ್ನೊಂದು ಬದಿಗೆ ಗಾಳಿ ತೆಗೆದ ಖಾಲಿ ಸೀಸೆ ಚುಚ್ಚಿದರೆ ಉಪ್ಪುನೀರು ಕೊಳವೆಯ ಮೂಲಕ ಎಳೆದುಕೊಂಡು ಬರುತ್ತದೆ. ಮಾಲಿಬ್ಡಿನಂ ಅಲ್ಲೇ ಉಳಿಯುತ್ತದೆ, ಟೆಕ್ನೀಷಿಯಂ ಕರಗಿ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ನೋಡಿದರೆ ಬರೀ ನೀರು. ಸೋಮವಾರ ಭರ್ತಿ ಇದ್ದ ಗಡಿಗೆಯಲ್ಲಿ ಮುಂದಿನ ಸೋಮವಾರಕ್ಕೆ ಉಳಿಯುವುದು ಆರರಲ್ಲಿ ಒಂದು ಪಾಲು, ಆದ್ದರಿಂದ ಯಾರಿಗೆ ಯಾವ ದಿನ ಎಂಬ ಲೆಕ್ಕ ಮೊದಲೇ ಆಗಿರುತ್ತದೆ. ‘ನಾಡದು ಬರ್ತೀನ್ರಿ, ಇವತ್ತು ಸಂತಿ ಐತಿ’ ಎಂದು ತಪ್ಪಿಸಿಕೊಂಡವರಿಗೆ ಇದು ಗೊತ್ತಿರುವುದಿಲ್ಲ, ಅವರ ಪಾಲಿನ ಔಷಧ ಅವರಿಗಾಗಿ ಕಾಯುವುದಿಲ್ಲ. ಆ ದ್ರವವನ್ನು ಮೆಬ್ರೋಫೆನಿನ್ನಿನ ಬಿಳಿ ಪುಡಿ ಇರುವ ಸೀಸೆಗೆ ಸೇರಿಸಿ, ಕಾಲು ಗಂಟೆ ಬಿಟ್ಟು, ಅಳತೆಯ ಯಂತ್ರದಲ್ಲಿ ತೂಗಿ ನೋಡಿ, ಸೀಸದ ಕವಚ ತೊಡಿಸಿದ ಸಿರಿಂಜಿಗೆ ಎಳೆದುಕೊಂಡರೆ ಇಂಜೆಕ್ಷನ್ ತಯಾರು.

ರೋಗಿ ಅಂಗಾತ ಮಲಗುತ್ತಾರೆ. ಹೊಟ್ಟೆಯ ಮೇಲೆ ಕ್ಯಾಮೆರಾದ ಅಗಲವಾದ ತಲೆ ಇಳಿದು ಬರುತ್ತದೆ. ನವಲಗುಂದದ ಕಡೆಯ ಅಜ್ಜಿಯೊಬ್ಬರು ಅದು ಮೈಮೇಲೆ ಬೀಳುತ್ತದೇನೋ ಎಂದು ಸೆರಗು ಮುಖಕ್ಕೆ ಎಳೆದುಕೊಂಡಿದ್ದರು. ‘ಡಾಕ್ಟರ್ ಸಾಹೇಬ್ರ, ಇದು ಕರೆಂಟ್ ಬಿಡತೈತೇನ್ರಿ?’ ‘ಇಲ್ಲಬೇ ಅವ್ವಾ, ಅದು ಏನೂ ಬಿಡೂದಿಲ್ಲ, ನಿಮ್ಮ ಮೈಯಾಗಿಂದ ಬರೂದನ್ನ ಬರೇ ನೋಡತೈತಿ.’ ಅಜ್ಜಿಗೆ ಹೇಳಿದ್ದು ಅಕ್ಷರಶಃ ನಿಜ. ಎಕ್ಸ್-ರೇ ಯಂತ್ರ ಕಿರಣ ಬಿಡುತ್ತದೆ. ಗಾಮಾ ಕ್ಯಾಮೆರಾ ಬಿಡುವುದಿಲ್ಲ. ಇಂಜೆಕ್ಷನ್ ಕೊಟ್ಟ ಮೊದಲ ನಿಮಿಷ ಪರದೆಯ ಮೇಲೆ ಹೃದಯದ ಮಸುಕು ಕಾಣುತ್ತದೆ. ಐದು ನಿಮಿಷದೊಳಗೆ ಅದು ಮಾಸಿ ಯಕೃತ್ತು ಪೂರ್ತಿ ಬೆಳಗುತ್ತದೆ. ಹತ್ತು-ಇಪ್ಪತ್ತು ನಿಮಿಷಕ್ಕೆ ನಾಳಗಳು, ಆಮೇಲೆ ಬಲಗಡೆ ಪಿತ್ತಕೋಶ ಸಣ್ಣಗೆ ಮೂಡಿ ದುಂಡಗಾಗುತ್ತದೆ, ನಡುವೆ ಕರುಳಿನ ಸುರುಳಿಗಳು. ಎಲ್ಲ ಸರಿ ಇದ್ದರೆ ಒಂದು ಗಂಟೆಯೊಳಗೆ ಇಷ್ಟೂ ಕಾಣಬೇಕು.

ಒಂದು ಗಂಟೆಯಾದರೂ ಪಿತ್ತಕೋಶ ಕಾಣದಿದ್ದರೆ ಆಟ ಬೇರೆ. ಅಳತೆಯಾಗಿ ಸ್ವಲ್ಪ ಮಾರ್ಫಿನ್ ಕೊಟ್ಟು ಓಡ್ಡಿಯ ಬಿಗಿಯನ್ನು ಇನ್ನಷ್ಟು ಬಿಗಿ ಮಾಡುತ್ತಾರೆ, ಪಿತ್ತ ಚೀಲದ ಕಡೆಗೇ ತಿರುಗಲಿ ಎಂದು. ಅಥವಾ ನಾಲ್ಕು ಗಂಟೆಯವರೆಗೆ ಕಾದು ಮತ್ತೆ ಚಿತ್ರ ತೆಗೆಯುತ್ತಾರೆ. ಆಗಲೂ ಕಾಣದಿದ್ದರೆ ಚೀಲದ ಬಾಯಿ ಮುಚ್ಚಿದೆ ಎಂದರ್ಥ. ಜ್ವರ, ಬಲಗಡೆ ನೋವು ಇದ್ದವರಲ್ಲಿ ಅದು ಪಿತ್ತಕೋಶದ ತೀವ್ರ ಉರಿಯೂತದ ಗುರುತು. ಎಷ್ಟೋ ಅಧ್ಯಯನಗಳನ್ನು ಒಟ್ಟು ಹಾಕಿ 2012ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಇಂಥ ಉರಿಯೂತ ಇರುವ ನೂರು ಜನರಲ್ಲಿ 96 ಜನರನ್ನು ಈ ಸ್ಕ್ಯಾನ್ ಹಿಡಿಯುತ್ತದೆ, ಸೋನೋಗ್ರಾಫಿ 81 ಜನರನ್ನು. ಹಾಗಾದರೆ ಎಲ್ಲರಿಗೂ ಇದನ್ನೇ ಯಾಕೆ ಮಾಡಬಾರದು? ಮಾಡಬಾರದು. ಕಲ್ಲು ಕಾಣುತ್ತಿದೆ, ಗೋಡೆ ಊದಿದೆ, ಸೋನೋಗ್ರಾಫಿ ಸಾಫಾಗಿ ಹೇಳುತ್ತಿದೆ ಎಂದಾದರೆ ಅದಕ್ಕಿಂತ ಮೇಲೆ ಹಣ, ಹೊತ್ತು, ವಿಕಿರಣ ಖರ್ಚು ಮಾಡುವ ಅಗತ್ಯವಿಲ್ಲ. ಸಂಶಯ ಉಳಿದಾಗ ಮಾತ್ರ ಇದಕ್ಕೆ ಬೆಲೆ.

ಸಂಶಯ ಬಗೆಹರಿಸಬೇಕಾದ ಸ್ಕ್ಯಾನು ತಾನೇ ಸಂಶಯ ಹುಟ್ಟಿಸುವುದೂ ಉಂಟು, ಅದಕ್ಕೆ ಹೆಚ್ಚಿನ ಸಲ ಕಾರಣ ನಮ್ಮ ಉಪವಾಸ. ಕನಿಷ್ಠ ನಾಲ್ಕು ಗಂಟೆ ಹಸಿದಿರಬೇಕು ಎಂಬುದನ್ನು ಎಲ್ಲರೂ ಕೇಳಿರುತ್ತಾರೆ. ಆದರೆ 24 ಗಂಟೆಗಿಂತ ಹೆಚ್ಚು ಹಸಿದಿರಬಾರದು ಎಂಬುದನ್ನು ಯಾರೂ ಹೇಳಿರುವುದಿಲ್ಲ. ಏಕಾದಶಿಯ ನಿರಾಹಾರ ಮುಗಿಸಿ, ದ್ವಾದಶಿಯ ಪಾರಣೆಯನ್ನೂ ಬಿಟ್ಟು, ‘ಖಾಲಿ ಹೊಟ್ಟಿಲೇ ಬಂದೀನ್ರಿ’ ಎಂದು ಹೆಮ್ಮೆಯಿಂದ ಬಂದು ಮಲಗುವವರಿದ್ದಾರೆ. ಅಷ್ಟು ಹೊತ್ತು ಹಸಿದವರ ಚೀಲ ಗಟ್ಟಿ ಪಿತ್ತದಿಂದ ಕಂಠಮಟ ತುಂಬಿರುತ್ತದೆ, ಹೊಸದಕ್ಕೆ ಜಾಗ ಇರುವುದಿಲ್ಲ. ಚಿತ್ರದಲ್ಲಿ ಚೀಲ ಕಾಣುವುದಿಲ್ಲ, ಇಲ್ಲದ ರೋಗ ಇದೆ ಎಂದಾಗಬಹುದು. ಐಸಿಯುನಲ್ಲಿ ದಿನಗಟ್ಟಲೆ ಸಲೈನಿನ ಮೇಲೆ ಇದ್ದವರದೂ ಇದೇ ಗತಿ. ಇಂಥವರಿಗೆ ಮೊದಲು ಚೀಲ ಬರಿದು ಮಾಡಿಸಿ, ಆಮೇಲೆ ಸ್ಕ್ಯಾನ್ ಮಾಡಬೇಕಾಗುತ್ತದೆ. ರಾತ್ರಿ ಕ್ಯಾಜುವಾಲ್ಟಿಯಲ್ಲಿ ನೋವಿಗೆ ಅಫೀಮು ಜಾತಿಯ ಇಂಜೆಕ್ಷನ್ ಆಗಿದ್ದರೆ ಅದನ್ನೂ ಹೇಳಬೇಕು. ಅದು ಓಡ್ಡಿಯ ಬಿಗಿಯನ್ನು ಬಿಗಿದಿರುತ್ತದೆ. ಪಿತ್ತ ಕರುಳಿಗೆ ಇಳಿಯದೆ ನಾಳವೇ ಕಟ್ಟಿದೆ ಎಂಬಂತೆ ತೋರುತ್ತದೆ. ಕಡೆಯ ಊಟ ಎಷ್ಟು ಗಂಟೆಗೆ, ಕಡೆಯ ಇಂಜೆಕ್ಷನ್ ಯಾವುದು, ಎಷ್ಟು ಗಂಟೆಗೆ: ಈ ಮೂರು ಸಂಗತಿ ಒಂದು ಚೀಟಿಯಲ್ಲಿ ಬರೆದು ತಂದರೆ ಅರ್ಧ ಕೆಲಸ ಆದಂತೆ.

ಸ್ಕ್ಯಾನ್ ಮಾಡಿಸಲು ಹೊರಡುವ ಮುನ್ನ ಒಂದು ಫೋನು ಮಾಡಿ. ಇದು ಗಾಮಾ ಕ್ಯಾಮೆರಾ ಇರುವ ಕಡೆ ಮಾತ್ರ ಆಗುವ ಕೆಲಸ. ಪೆಟ್ ಸ್ಕ್ಯಾನ್ ಇದೆ, ಹಾಗಾದರೆ ಇದೂ ಇರಬೇಕು ಎಂದುಕೊಂಡು ಹಾವೇರಿಯಿಂದ, ಗದಗದಿಂದ ಬಸ್ಸು ಹತ್ತಿ ಬರಬೇಡಿ. ಪೆಟ್ ಯಂತ್ರಕ್ಕೆ ಟೆಕ್ನೀಷಿಯಂ ಕಾಣುವುದಿಲ್ಲ.

ವಿಕಿರಣದ ಭಯದ ಮಾತಿಗೆ ಬರುತ್ತೇನೆ. ಕೈಗಾ ನಮಗೆ ದೂರವಲ್ಲ, ಪರಮಾಣು ಎಂಬ ಪದ ಕೇಳಿದರೆ ನಮ್ಮ ಕಡೆಯವರಿಗೆ ಮೊದಲು ನೆನಪಾಗುವುದು ಅದೇ. ದೊಡ್ಡವರಿಗೆ ಕೊಡುವ ಸಾಮಾನ್ಯ ಪ್ರಮಾಣದಿಂದ ಮೈಗೆ ತಟ್ಟುವುದು ಸುಮಾರು 3 ಮಿಲಿಸೀವರ್ಟ್. ಮಣ್ಣು, ಕಲ್ಲು, ಗಾಳಿ, ಆಕಾಶ, ಉಣ್ಣುವ ಅನ್ನ ಎಲ್ಲ ಸೇರಿ ಭೂಮಿಯ ಮೇಲಿನ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಪುಕ್ಕಟೆಯಾಗಿ ಸಿಗುತ್ತದೆ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿನಲ್ಲಿ ಇದಕ್ಕಿಂತ ಹೆಚ್ಚು. ಹಾಗೆಂದು ಪುಕ್ಕಟೆ ಮಾಡಿಸಿಕೊಳ್ಳುವ ಆಟವೂ ಅಲ್ಲ. ಗರ್ಭಿಣಿಯರು, ಆಗಿರಬಹುದು ಎಂಬ ಅನುಮಾನ ಇರುವವರು, ಮೊಲೆಹಾಲು ಕುಡಿಸುವವರು ಮೊದಲೇ ಹೇಳಲೇಬೇಕು. ಆ ಅಜ್ಜಿ ಏಳುವಾಗ ಕೇಳಿದ್ದು ಇನ್ನೊಂದು: ‘ಮೊಮ್ಮಕ್ಕಳನ್ನ ಎತ್ತಿಕೋಬೇಕೋ ಬ್ಯಾಡೋ?’ ಇವತ್ತೊಂದು ದಿನ ತೊಡೆಯ ಮೇಲೆ ಮಲಗಿಸಿಕೊಳ್ಳುವುದು ಬೇಡ, ನೀರು ಚೆನ್ನಾಗಿ ಕುಡಿಯಿರಿ, ನಾಳೆಯಿಂದ ಎಂದಿನ ಹಾಗೆ ಎತ್ತಿಕೊಳ್ಳಿ ಎಂದು ಹೇಳಿ ಕಳಿಸಿದೆವು.

ಈ ಸ್ಕ್ಯಾನ್ ನಿಜಕ್ಕೂ ಋಣ ತೀರಿಸುವ ಇನ್ನೊಂದು ಜಾಗ ಪಿತ್ತಕೋಶ ತೆಗೆಸಿಕೊಂಡ ಮೇಲೆ. ಚೀಲವನ್ನು ದುರ್ಬೀನಿನಿಂದ ತೆಗೆಯುವ ಆಪರೇಶನ್ ನಮ್ಮ ದೇಶಕ್ಕೆ ಬಂದದ್ದು 1990ರಲ್ಲಿ, ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹೆಮ್‌ಟನ್ ಉದ್ವಾಡಿಯಾ ಮಾಡಿದಾಗ. ಈಗ ತಾಲ್ಲೂಕು ಊರುಗಳಲ್ಲೂ ಆಗುತ್ತದೆ, ಮೂರನೇ ದಿನ ಮನೆ. ಸಾವಿರದಲ್ಲಿ ಕೆಲವರಿಗೆ ಮಾತ್ರ ಕತ್ತರಿಸಿದ ತುದಿಯಿಂದ ಪಿತ್ತ ಹೊಟ್ಟೆಯೊಳಗೆ ಸೋರುತ್ತದೆ. ಹೊಟ್ಟೆ ಉಬ್ಬರ, ನೋವು, ಸಣ್ಣ ಜ್ವರ. ಸೋನೋಗ್ರಾಫಿಯಲ್ಲಿ ಯಕೃತ್ತಿನ ಕೆಳಗೆ ದ್ರವ ಕಾಣುತ್ತದೆ, ಆದರೆ ಅದು ರಕ್ತವೋ, ತೊಳೆದ ನೀರೋ, ಪಿತ್ತವೋ ಹೇಳುವುದು ಹೇಗೆ? ಹೈಡಾ ಕೊಟ್ಟ ಮೇಲೆ ಆ ಜಾಗ ಬೆಳಗಿತೆಂದರೆ ಅದು ಪಿತ್ತ, ಮತ್ತು ಸೋರಿಕೆ ಇನ್ನೂ ನಡೆದಿದೆ. ಇಷ್ಟು ಖಚಿತವಾದ ಉತ್ತರ ಕೊಡುವ ಪರೀಕ್ಷೆ ವೈದ್ಯಕೀಯದಲ್ಲಿ ಬಹಳ ಇಲ್ಲ.

ಅಷ್ಟು ಖಚಿತವಲ್ಲದ ಒಂದು ಬಳಕೆಯೂ ಇದೆ. ಕಲ್ಲಿಲ್ಲ, ಊತವಿಲ್ಲ, ಆದರೂ ಉಂಡ ಮೇಲೆ ಬಲಗಡೆ ನೋವು. ಚೀಲ ಸರಿಯಾಗಿ ಹಿಂಡುತ್ತಿದೆಯೇ ಎಂದು ನೋಡಲು ಹಾರ್ಮೋನಿನ ಇಂಜೆಕ್ಷನ್ ನಿಧಾನವಾಗಿ ಒಂದು ಗಂಟೆ ಕೊಟ್ಟು, ಎಷ್ಟು ಭಾಗ ಹೊರಗೆ ಹೋಯಿತೆಂದು ಲೆಕ್ಕ ಹಾಕುತ್ತಾರೆ. ನೂರಕ್ಕೆ 38ಕ್ಕಿಂತ ಕಡಿಮೆ ಇದ್ದರೆ ಚೀಲ ಮಂದ. ಆ ಇಂಜೆಕ್ಷನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಜಿಡ್ಡಿನ ಆಹಾರ ಕೊಟ್ಟು ನೋಡುವುದೇ ರೂಢಿ. ‘ಧಾರವಾಡ ಪೇಡೆ ಕೊಟ್ಟರ ಆಗೂದಿಲ್ಲೇನ್ರಿ?’ ಎಂದು ಕೇಳಿದವರಿದ್ದಾರೆ. ಹಿಂಡುವುದೇನೋ ಹಿಂಡೀತು, ಆದರೆ ಲೆಕ್ಕಕ್ಕೆ ಎಲ್ಲರಿಗೂ ಒಂದೇ ಅಳತೆಯ ಜಿಡ್ಡು ಬೇಕು, ಮತ್ತು ಆ ಅಳತೆಗೆ ಹೊಂದುವ ಬೇರೆಯದೇ ಗೆರೆ ಬೇಕು. ಇಂಜೆಕ್ಷನ್ನಿನ 38ನ್ನು ಜಿಡ್ಡಿನ ಆಹಾರಕ್ಕೆ ಹಚ್ಚಲಾಗದು. ಈ ಒಂದು ಅಂಕಿ ಹಿಡಿದುಕೊಂಡು ಚೀಲ ತೆಗೆಸಿಕೊಳ್ಳಲು ಹೊರಟವರಿಗೆ ಇನ್ನೊಬ್ಬ ವೈದ್ಯರನ್ನು ಕೇಳಿ ಎಂದೇ ನಾನು ಹೇಳುತ್ತೇನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ದೊಡ್ಡವರ ಮಾತು. ಕೂಸುಗಳ ವಿಷಯದಲ್ಲಿ ಇದೇ ಸ್ಕ್ಯಾನು ದಿನಗಳ ಲೆಕ್ಕಕ್ಕೆ ಸಿಕ್ಕಿಕೊಳ್ಳುತ್ತದೆ.

ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕೂ ಹೆಚ್ಚು ಮೊದಲ ವಾರ ಹಳದಿಯಾಗುತ್ತವೆ. ನಮ್ಮ ಕಡೆ ಕಾಮಣಿ ಎನ್ನುವುದು ಇದಕ್ಕೇ. ಬಹುಪಾಲು ಕೂಸುಗಳಲ್ಲಿ ಎರಡು ವಾರದೊಳಗೆ ಅದು ತಾನಾಗಿ ಇಳಿಯುತ್ತದೆ. ಆದರೆ ಲೋಕದ ಬೇರೆ ಬೇರೆ ಕಡೆ 5 ಸಾವಿರದಿಂದ 20 ಸಾವಿರ ಕೂಸುಗಳಿಗೆ ಒಂದರಂತೆ, ಯಕೃತ್ತಿನ ಹೊರಗಿನ ಪಿತ್ತನಾಳಗಳು ಉರಿಯೂತದಿಂದ ಮುಚ್ಚಿ ನಾರಾಗಿಬಿಡುತ್ತವೆ. ಬಿಲಿಯರಿ ಅಟ್ರೀಸಿಯಾ ಎನ್ನುತ್ತಾರೆ. ಪಿತ್ತ ಕರುಳಿಗೆ ಬೀಳದೆ ಯಕೃತ್ತಿನಲ್ಲೇ ನಿಂತು ಅದನ್ನು ಕೆಡಿಸುತ್ತದೆ. ಹಾಗೇ ಬಿಟ್ಟರೆ ಹೆಚ್ಚಿನ ಕೂಸುಗಳು ಎರಡು ವರ್ಷ ದಾಟುವುದಿಲ್ಲ. ಮೋಸ ಏನೆಂದರೆ, ಮೊದಲ ಒಂದೆರಡು ತಿಂಗಳು ಕೂಸು ಚೆನ್ನಾಗಿ ಹಾಲು ಕುಡಿಯುತ್ತದೆ, ತೂಕ ಏರುತ್ತದೆ, ನಗುತ್ತದೆ. ‘ಸ್ವಲ್ಪ ಹಳದಿ ಐತಿ ಅಷ್ಟ, ಉಳಿದದ್ದೆಲ್ಲಾ ಆರಾಮ’ ಎನ್ನುತ್ತಾರೆ ಮನೆಯವರು.

ಈ ಕಾಯಿಲೆಗೆ ಏನೂ ಮಾಡಲಾಗದು ಎಂದು ಲೋಕವೇ ಕೈಚೆಲ್ಲಿದ್ದ ಕಾಲದಲ್ಲಿ ಜಪಾನಿನ ಸೆಂದಾಯಿಯಲ್ಲಿ ಮೊರಿಯೊ ಕಸಾಯಿ ಎಂಬ ಶಸ್ತ್ರವೈದ್ಯರು ಒಂದು ಆಪರೇಶನ್ ರೂಪಿಸಿ 1959ರಲ್ಲಿ ಪ್ರಕಟಿಸಿದರು. ನಾರಾದ ನಾಳವನ್ನು ಕತ್ತರಿಸಿ ತೆಗೆದು, ಸಣ್ಣ ಕರುಳಿನ ಒಂದು ಕುಣಿಕೆಯನ್ನು ಮೇಲೆಳೆದು ಯಕೃತ್ತಿನ ಬುಡಕ್ಕೇ ಹೊಲಿಯುವುದು. ಕೂಸಿಗೆ 60 ದಿನ ತುಂಬುವುದರೊಳಗೆ ಮಾಡಿದರೆ ಹೆಚ್ಚಿನವುಗಳಲ್ಲಿ ಪಿತ್ತ ಹರಿಯತೊಡಗುತ್ತದೆ. 90 ದಿನ ದಾಟಿತೋ, ಆ ಅವಕಾಶ ಬಹಳ ಕುಗ್ಗುತ್ತದೆ, ಉಳಿಯುವ ದಾರಿ ಯಕೃತ್ತಿನ ಕಸಿ. ಬೇಗ ಮಾಡಿದವರಲ್ಲೂ ಎಷ್ಟೋ ಮಕ್ಕಳಿಗೆ ಮುಂದೆ ಕಸಿ ಬೇಕಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಆದರೆ ಐದು ವರ್ಷದ, ಹದಿನೈದು ವರ್ಷದ ಮಗುವಿಗೆ ಕಸಿ ಮಾಡುವುದಕ್ಕೂ ಒಂಬತ್ತು ತಿಂಗಳ ಕೂಸಿಗೆ ಮಾಡುವುದಕ್ಕೂ ಅಂತರ ಇದೆ.

ಹಳದಿ ಇಳಿಯದ ಕೂಸಿನಲ್ಲಿ ಕಾರಣ ನಾಳ ಮುಚ್ಚಿದ್ದೋ, ಯಕೃತ್ತಿನದೇ ಉರಿಯೂತವೋ ಎಂದು ತಿಳಿಯಲು ಹೈಡಾ ನೆರವಿಗೆ ಬರುತ್ತದೆ. ಸ್ಕ್ಯಾನಿಗೆ ಮೊದಲು ಐದು ದಿನ ಫಿನೋಬಾರ್ಬಿಟಾಲ್ ಕೊಡುವುದುಂಟು, ತೂಕದ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ. ‘ಫಿಟ್ಸಿನ ಔಷಧಿ ನಮ್ಮ ಕೂಸಿಗ್ಯಾಕ್ರಿ?’ ಎಂದು ಗಾಬರಿಯಾಗುವವರೇ ಎಲ್ಲ. ಅದು ಯಕೃತ್ತನ್ನು ಚುರುಕುಗೊಳಿಸಿ ಪಿತ್ತ ಇಳಿಸಲು ಒತ್ತಾಯಿಸುತ್ತದೆ; ಅಷ್ಟು ಒತ್ತಾಯಿಸಿದರೂ ಇಳಿಯದಿದ್ದರೆ ಅದಕ್ಕೆ ಅರ್ಥ ಇದೆ. ಇಂಜೆಕ್ಷನ್ ಕೂಸಿನ ತೂಕಕ್ಕೆ ತಕ್ಕಷ್ಟೇ. ಬಟ್ಟೆ ಸುತ್ತಿ ಮಲಗಿಸಿ ಮೊದಲ ಗಂಟೆಯ ಚಿತ್ರ ತೆಗೆಯುತ್ತಾರೆ. ಯಕೃತ್ತು ಬೆಳಗುತ್ತದೆ, ಕೆಳಗೆ ಕತ್ತಲೆ. ನಾಲ್ಕು ಗಂಟೆಗೆ ಮತ್ತೆ. ಆಗ ಕಿಬ್ಬೊಟ್ಟೆಯಲ್ಲಿ ಒಂದು ಹೊಳಪು ಕಂಡು ಅಪ್ಪನ ಕಣ್ಣು ಅರಳಿದರೂ ನಾವು ಮಾತಾಡುವುದಿಲ್ಲ. ಲಂಗೋಟಿ ಬದಲಿಸಿ, ಒರೆಸಿ ಮತ್ತೆ ನೋಡುತ್ತೇವೆ. ಹೊಳಪು ಹೋಯಿತೆಂದರೆ ಅದು ಬರೀ ಉಚ್ಚೆ. ಮರುದಿನ ಬೆಳಿಗ್ಗೆ, 24 ಗಂಟೆಗೆ, ಕೊನೆಯ ಚಿತ್ರ. ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿದಿರುವುದರಿಂದ ಬಹಳ ಹೊತ್ತು ಹಿಡಿಯುತ್ತದೆ. ಕರುಳಿನಲ್ಲಿ ಎಲ್ಲಾದರೂ ಸಣ್ಣದೊಂದು ಗುರುತು ಕಂಡಿತೋ, ನಾಳ ತೆರೆದಿದೆ, ಅಟ್ರೀಸಿಯಾ ಅಲ್ಲ. ಕಾಣದಿದ್ದರೆ ಅಟ್ರೀಸಿಯಾ ಎಂದು ಅಲ್ಲೇ ತೀರ್ಪು ಕೊಡಲಾಗದು, ಯಕೃತ್ತು ಬಹಳ ಸೋತಿದ್ದರೂ ಹೀಗೆ ಆಗಬಹುದು. ಆಗ ಯಕೃತ್ತಿನ ತುಣುಕು ತೆಗೆದು ನೋಡುವುದು, ಆಪರೇಶನ್ ಟೇಬಲ್ಲಿನ ಮೇಲೇ ನಾಳಕ್ಕೆ ಬಣ್ಣ ಬಿಟ್ಟು ನೋಡುವುದು, ಇವೇ ಕೊನೆಯ ಮಾತು. ಕೂಸಿಗೆ ಆಗಲೇ 55 ದಿನ ಆಗಿದ್ದರೆ ಐದು ದಿನದ ಔಷಧಿಗೂ ಸ್ಕ್ಯಾನಿಗೂ ಕಾಯದೆ ಮುಂದಿನ ಹೆಜ್ಜೆಗೆ ಹೋಗುವ ಮಕ್ಕಳ ಶಸ್ತ್ರವೈದ್ಯರಿದ್ದಾರೆ. ನನ್ನ ವಿಭಾಗದ ಕೆಲಸ ತಪ್ಪಿತೆಂದು ನನಗೇನೂ ಬೇಸರವಿಲ್ಲ, ಅವರು ಮಾಡುವುದು ಸರಿ.

ತಡವಾಗುವುದು ಸ್ಕ್ಯಾನಿನಲ್ಲಿ ಅಲ್ಲ, ಅದಕ್ಕೂ ಮೊದಲು. ಹೆರಿಗೆ ಹುಬ್ಬಳ್ಳಿಯಲ್ಲಿ ಆಗಿರುತ್ತದೆ, ಬಾಣಂತನ ತವರಿನಲ್ಲಿ. ಬಾಣಂತಿಯ ಕೋಣೆಗೆ ಬೆಳಕು ಕಡಿಮೆ, ಕೂಸಿನ ಕಣ್ಣು ಹಳದಿ ಇದ್ದದ್ದು ಯಾರಿಗೂ ಎದ್ದು ಕಾಣುವುದಿಲ್ಲ. ಕಂಡರೂ ಮೊದಲು ಬಿಸಿಲಿಗೆ ಹಿಡಿಯುತ್ತಾರೆ, ಆಮೇಲೆ ಕಾಮಣಿಯ ನಾಟಿ ಔಷಧಿಗೆ ಒಯ್ಯುತ್ತಾರೆ, ಹೊಟ್ಟೆಗೆ ಬರೆ ಹಾಕಿಸುವ ಪದ್ಧತಿಯೂ ಪೂರ್ತಿ ಹೋಗಿಲ್ಲ. ನಾಳ ಮುಚ್ಚಿದ ಕಾಮಣಿಗೆ ಬಿಸಿಲೂ ತಟ್ಟುವುದಿಲ್ಲ, ಬೇರೂ ತಟ್ಟುವುದಿಲ್ಲ. ಬರೆಯಿಂದ ಕೂಸಿಗೆ ಗಾಯವಷ್ಟೇ.

ಇದನ್ನು ಹಿಡಿಯಲು ಮನೆಯಲ್ಲೇ ಆಗುವ ಪರೀಕ್ಷೆ ಒಂದಿದೆ, ಖರ್ಚಿಲ್ಲ. ಕೂಸಿನ ಮಲಕ್ಕೆ ಹಳದಿ, ಹಸಿರು, ಸಾಸಿವೆ ಬಣ್ಣ ಬರುವುದು ಪಿತ್ತದಿಂದ. ಪಿತ್ತ ಬೀಳದಿದ್ದರೆ ಅದು ಬಿಳಿ, ಬೂದಿ, ಇಲ್ಲವೇ ಸುಣ್ಣದ ಬಣ್ಣಕ್ಕೆ ತಿರುಗುತ್ತದೆ. ಉಚ್ಚೆ ಮಾತ್ರ ಗಾಢ ಹಳದಿಯಾಗಿ ಲಂಗೋಟಿಯ ಮೇಲೆ ಕಲೆ ಬೀಳುತ್ತದೆ. ಆರೋಗ್ಯದ ಕೂಸಿನ ಉಚ್ಚೆಗೆ ಬಣ್ಣವೇ ಇರುವುದಿಲ್ಲ. ತೈವಾನಿನಲ್ಲಿ 2004ರಿಂದ ದೇಶದ ಎಲ್ಲ ತಾಯಂದಿರಿಗೂ ಮಲದ ಬಣ್ಣಗಳನ್ನು ಅಚ್ಚು ಮಾಡಿದ ಒಂದು ಕಾರ್ಡು ಕೊಡುತ್ತಾರೆ. ಅದಾದ ಮೇಲೆ ಅಲ್ಲಿ ಹೆಚ್ಚು ಕೂಸುಗಳು 60 ದಿನದೊಳಗೆ ಆಪರೇಶನ್ನಿಗೆ ತಲುಪಿದವು. ನಮ್ಮ ತಾಯಿ ಕಾರ್ಡಿನಲ್ಲಿ ಅಂಥದೊಂದು ಪುಟ ಅಚ್ಚು ಹಾಕಿಸಲು ದೊಡ್ಡ ಖರ್ಚೇನೂ ಬರಲಾರದು.

ಅಲ್ಲಿಯವರೆಗೆ ನಮ್ಮಲ್ಲಿ ಆಶಾ ಕಾರ್ಯಕರ್ತೆಯರು ಇದ್ದಾರೆ. ಹೆರಿಗೆಯಾದ 3, 7, 14, 21, 28 ಮತ್ತು 42ನೇ ದಿನ ಅವರು ಮನೆಗೆ ಬರುತ್ತಾರೆ. ಆಶಾ ತಾಯಂದಿರೇ, 14ನೇ ದಿನದ ಭೇಟಿಯಲ್ಲಿ ಕೂಸನ್ನೂ ಅದರ ಹೊಲಸು ಬಟ್ಟೆಯನ್ನೂ ಹೊರಗೆ ಬೆಳಕಿಗೆ ತಂದು ನೋಡಿ. ಒಂದೂವರೆ ತಿಂಗಳ ಸೂಜಿ ಹಾಕುವ ಸಿಸ್ಟರುಗಳೇ, ಸೂಜಿ ಹಾಕುವ ಮುಂಚೆ ‘ಕೂಸಿನ ಹೇಲು ಯಾವ ಬಣ್ಣ ಐತಿ?’ ಎಂದು ಒಂದು ಮಾತು ಕೇಳಿ. ಆಗಲೂ 60 ದಿನಕ್ಕೆ ಎರಡು ವಾರ ಉಳಿದಿರುತ್ತದೆ. ಕೇಳುತ್ತಿರುವ ತಾಯಂದಿರಿಗೆ, ಅಜ್ಜಿಯರಿಗೆ ನನ್ನ ವಿನಂತಿ ಇಷ್ಟು: ಎರಡು ವಾರ ಕಳೆದರೂ ಕೂಸಿನ ಕಣ್ಣು ಹಳದಿ ಇದ್ದರೆ, ಅಥವಾ ಯಾವುದೇ ದಿನ ಮಲ ಬಿಳಿಚಿಕೊಂಡರೆ, ಮರುದಿನವೇ ಮಕ್ಕಳ ವೈದ್ಯರ ಬಳಿ ಹೋಗಿ ಡೈರೆಕ್ಟ್ ಬಿಲಿರುಬಿನ್ ರಕ್ತಪರೀಕ್ಷೆ ಮಾಡಿಸಿ. ಅಮಾವಾಸ್ಯೆ ಕಳೆಯಲಿ, ತೊಟ್ಟಿಲ ಕಾರ್ಯ ಮುಗಿಯಲಿ ಎಂದು ಕಾಯಬೇಡಿ.